ಬಾಯಿ ಮುಚ್ಚಿದ ಹುತ್ತ

ಮಕ್ಕಳೇ, ಒಂದು ಕಾಡಿನ ನಡುವೆ ತೊರೆಯೊಂದು ಹರಿಯುತ್ತಿತ್ತು. ಈಚೆ ದಡದಲ್ಲಿ ಗೆದ್ದಲುಗಳ ಹಳೆಯ ಹುತ್ತ. ಆಚೆ ದಡದಲ್ಲಿ, ಆ ಹಳೆಯ ಹುತ್ತದಿಂದಲೇ ಹೋದ ಕೆಲಸದ ಗೆದ್ದಲುಗಳು ಕಟ್ಟಿಕೊಂಡ ಹೊಸ ಹುತ್ತ. ಎರಡರ ನಡುವೆ ಅಡ್ಡಬಿದ್ದ ಒಣಮರವೇ ಸೇತುವೆ.

ಹಳೆಯ ಹುತ್ತದ ರಾಣಿ ಆಚೆ ದಡವನ್ನು ಒಮ್ಮೆಯೂ ಕಂಡವಳಲ್ಲ. ಆದರೂ ಅಪ್ಪಣೆಗಳು ಅವಳವೇ. ಹೊಸ ಹುತ್ತದವರು ಆಯ್ದ ಒಣ ಎಲೆಯೆಲ್ಲ ಮೊದಲು ಸೇತುವೆ ದಾಟಿ ಬರಬೇಕು. ಅರ್ಧವನ್ನು ಹಳೆಯ ಹುತ್ತ ಇರಿಸಿಕೊಂಡು, ಮಿಕ್ಕ ಅರ್ಧಕ್ಕೆ ರಾಣಿಯ ಎಂಜಲ ಮುದ್ರೆ ಒತ್ತಿ ಹಿಂದಕ್ಕೆ ಕಳುಹಿಸುವುದು. ಮುದ್ರೆಯಿಲ್ಲದ ಎಲೆಯನ್ನು ಯಾರೂ ತಿನ್ನಕೂಡದು. ಇರುವೆಗಳ ದಾಳಿಯಲ್ಲಿ ನಿಮ್ಮನ್ನು ಕಾಪಾಡಿದ್ದು ನಮ್ಮ ಸೈನಿಕರಲ್ಲವೇ ಎಂಬುದು ರಾಣಿಯ ವಾದ.

ಮಳೆಗಾಲ ಹತ್ತಿರವಾಗಿತ್ತು. ಹೊಸ ಹುತ್ತದ ಉಗ್ರಾಣ ಅರ್ಧವೂ ತುಂಬಿರಲಿಲ್ಲ. ಹೀಗೆಯೇ ಮುಂದುವರಿದರೆ ಮರಿಗಳು ಉಳಿಯುವಂತಿರಲಿಲ್ಲ. ಅಲ್ಲಿಯ ಹಿರಿಯಳಾದ ಕಡ್ಡಿಯಕ್ಕ ರಾಣಿಗೆ ಒಂದೇ ಮಾತು ಹೇಳಿ ಕಳುಹಿಸಿದಳು: ಅಪ್ಪಣೆ ಹೊರಡುವ ಕೋಣೆಯಲ್ಲಿ ನಮ್ಮವರೂ ಕೂರಲಿ, ಕೊಡುವ ಮಾತು ಆಮೇಲೆ.

ಉತ್ತರವಾಗಿ ಮುನ್ನೂರು ಸೈನಿಕರು ಬಂದರು.

ಅವರ ನಾಯಕ ಇಕ್ಕಳರಾಯನ ದವಡೆಗಳು ಅವನ ತಲೆಗಿಂತ ಉದ್ದ. ಅವನು ಉಗ್ರಾಣದ ಬಾಗಿಲಿಗೆ ಅಡ್ಡ ನಿಂತು, ಮುದ್ರೆಯಿಲ್ಲದ ಎಲೆ ಒಳಗೆ ಹೋಗದು ಎಂದು ಸಾರಿದ. ತನ್ನವರ ಊಟದ ಹೊಣೆಯೂ ಹೊಸ ಹುತ್ತದ್ದೇ ಎಂದ.

ಇಲ್ಲೊಂದು ಸಂಗತಿಯನ್ನು ನೀವು ತಿಳಿದಿರಬೇಕು. ಗೆದ್ದಲು ಸೈನಿಕನ ದವಡೆ ಕತ್ತರಿಸಬಲ್ಲದು, ಅಗಿಯಲಾರದು. ಕೆಲಸದವರು ಅಗಿದು ಬಾಯಿಗಿಟ್ಟರೆ ಮಾತ್ರ ಅವನಿಗೆ ಊಟ. ಹುಟ್ಟಿದಂದಿನಿಂದ ಹಾಗೆಯೇ ಉಂಡು ಬೆಳೆದ ಇಕ್ಕಳರಾಯ ಅದನ್ನು ಮರೆತಿದ್ದ. ಕಡ್ಡಿಯಕ್ಕ ಮರೆತಿರಲಿಲ್ಲ.

ಅಂದಿನಿಂದ ಕೆಲಸದವರು ಸೈನಿಕರ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಓಡಾಡಿದರು. ಯಾರೂ ಬೈಯಲಿಲ್ಲ, ಯಾರೂ ಅಡಗಲಿಲ್ಲ. ಮೂರನೆಯ ದಿನ ಇಕ್ಕಳರಾಯ ಹಸಿವು ತಾಳದಾದ. ಒಂದು ಎಲೆಯನ್ನು ತಾನೇ ಕಚ್ಚಿ ನೋಡಿದ. ಎಲೆ ಎರಡು ತುಂಡಾಯಿತು; ಒಂದು ತುಂಡೂ ಗಂಟಲಿಗೆ ಇಳಿಯಲಿಲ್ಲ.

ಅವನು ಕಡ್ಡಿಯಕ್ಕನ ಕುತ್ತಿಗೆಗೆ ದವಡೆ ಹಚ್ಚಿದ. "ಬಾಯಿ ತೆರೆಯೇ ಮುದುಕಿ. ಇಲ್ಲವಾದರೆ ಕತ್ತರಿಸಿಬಿಡುತ್ತೇನೆ."

"ಕತ್ತರಿಸಿ, ರಾಯರೇ," ಎಂದಳು ಅವಳು. "ಆಮೇಲೆ ಉಳಿದವರನ್ನೂ ಕತ್ತರಿಸಿ. ಕೊನೆಯವಳೂ ಸತ್ತ ಮೇಲೆ ನಿಮಗೆ ಉಣಿಸುವವರು ಯಾರು?"

ದವಡೆ ಸಡಿಲವಾಯಿತು. "ನಿಮಗೆ ಬೇಕಾದದ್ದೇನು?"

"ನೀವು ಸೇತುವೆಯ ಆಚೆ ಇರಬೇಕು. ಅಲ್ಲಿಯವರೆಗೆ ನಡೆಯಲು ಬೇಕಾದಷ್ಟು ಉಣಿಸುತ್ತೇವೆ. ಅದಕ್ಕಿಂತ ಒಂದು ತುತ್ತೂ ಹೆಚ್ಚಿಲ್ಲ."

ಸೈನಿಕರು ಅಷ್ಟನ್ನೇ ಉಂಡು, ಸಾಲಾಗಿ ಹಿಂದಿರುಗಿದರು. ಕೊನೆಯ ಸೈನಿಕ ದಾಟಿದೊಡನೆ ಹೊಸ ಹುತ್ತದವರು ಸೇತುವೆಯ ಮರವನ್ನೇ ತಮ್ಮ ದಡದಿಂದ ಕೊರೆದು ಒಳಗೆ ಸಾಗಿಸತೊಡಗಿದರು. ಮಳೆ ಬರುವ ಹೊತ್ತಿಗೆ ಉಗ್ರಾಣ ತುಂಬಿತ್ತು, ಸೇತುವೆ ಇರಲಿಲ್ಲ.

ಇತ್ತ ಸುದ್ದಿ ಕೇಳಿದ ರಾಣಿ, ಇನ್ನೂ ಮೂರು ಸಾವಿರ ಸೈನಿಕರು ಹೊರಡಲಿ ಎಂದು ಅಪ್ಪಣೆ ಮಾಡಿ, ಎಂದಿನಂತೆ ಬಾಯಿ ತೆರೆದಳು. ಅವಳಿಗೆ ಉಣಿಸಲು ಬಂದಿದ್ದ ಕೆಲಸದವಳು ತುತ್ತು ಕೊಡದೆ ಹಾಗೆಯೇ ನಿಂತಳು.

ನೀತಿ: ತನಗೆ ಉಣಿಸುವವರ ಮಾತನ್ನು ಕೇಳದ ಅಧಿಕಾರ, ಅವರು ಉಣಿಸುವುದನ್ನು ನಿಲ್ಲಿಸಿದ ದಿನವೇ ಮುಗಿಯುತ್ತದೆ.