ಕೆಂದಿಯ ಕೊರಳಿನ ಗಂಟೆ

ಹಲಸಿನ ಮರದ ತುಂಡೊಂದನ್ನು ಕೊರೆದು, ಒಳಗೆ ಎರಡು ಕಡ್ಡಿ ತೂಗುಬಿಟ್ಟು, ಗಂಟೆ ಮಾಡಿ ಕೆಂದಿಯ ಕೊರಳಿಗೆ ಕಟ್ಟಿದ್ದರು. ಕೆಂದಿ ಮಂದೆಯ ಮುಂದೆ ನಡೆಯುವ ಹಸು. ಆದರೆ ಗಂಟೆಗೆ ಒಂದೇ ಕೊರಗು: ಮರವಾಗಿದ್ದಾಗ ಒಳಗೆಲ್ಲ ತಿರುಳಿತ್ತು, ಈಗ ಬರೀ ಟೊಳ್ಳು.

ಒಂದು ಮಧ್ಯಾಹ್ನ ಕೆಂದಿ ನೀರು ಕುಡಿಯಲು ಕೆರೆಯಂಚಿನಲ್ಲಿ ಬಗ್ಗಿದಾಗ ಗಂಟೆ ಅಲ್ಲಿದ್ದ ಜಿಗುಟು ಕೆಸರನ್ನು ಕೇಳಿತು, "ನನ್ನೊಳಗೆ ಬಂದು ಇರುತ್ತೀಯಾ?"

ಕೆಸರಿಗೇನು, ಜಾಗ ಸಿಕ್ಕರೆ ಸಾಕು. ಬಾಯಿತನಕ ತುಂಬಿಕೊಂಡಿತು. ಕಡ್ಡಿಗಳು ಅದರಲ್ಲಿ ಹೂತುಹೋದವು. ಗಂಟೆಗೆ ಹೋದ ಜೀವ ಬಂದಂತಾಯಿತು.

ಸಂಜೆ ಗುಡ್ಡ ಇಳಿಯುವಾಗ ಮಂಜು ಕವಿಯಿತು. ಹಳ್ಳದ ಹತ್ತಿರ ಕೆಂದಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಅವಳ ಎಳೆಗರುವೂ ಇಲ್ಲ.

"ಯಾಕೆ ಮಗಾ, ಸುಮ್ಮನಾಗಿಬಿಟ್ಟೆ?" ಎಂದು ಗಂಟೆಯನ್ನು ಕೇಳಿದಳು.

"ನಾನೀಗ ಟೊಳ್ಳಲ್ಲ ಅಮ್ಮ. ತುಂಬಿಕೊಂಡಿದ್ದೇನೆ."

ಕೆಂದಿ ಬೈಯಲಿಲ್ಲ. "ಈ ಮಂಜಿನಲ್ಲಿ ಅವರು ನನ್ನನ್ನು ನೋಡಿಕೊಂಡು ಬರುವುದಿಲ್ಲ ಕಂದಾ, ನಿನ್ನನ್ನು ಕೇಳಿಕೊಂಡು ಬರುತ್ತಾರೆ. ನಿನ್ನೊಳಗೆ ಜಾಗ ಬಿಟ್ಟಿದ್ದು ಅದಕ್ಕೇ," ಎಂದು ಹಳ್ಳಕ್ಕಿಳಿದು, ಹರಿಯುವ ತಣ್ಣೀರಿನಲ್ಲಿ ಕೊರಳು ಮುಳುಗಿಸಿ ನಿಂತಳು.

ಗಂಟೆ ಬಿಗಿಹಿಡಿದಿದ್ದ ಕೆಸರನ್ನು ಮೆಲ್ಲಗೆ ಬಿಟ್ಟುಕೊಟ್ಟಿತು.

ಕೆಂದಿ ತಲೆ ಎತ್ತಿ ಕೊರಳು ಕೊಡವಿದಳು. ಲೊಟ, ಲೊಟ. ಮಂಜಿನೊಳಗಿಂದ ಸಣ್ಣದೊಂದು "ಅಂಬಾ" ಕೇಳಿಸಿತು. ಕರು ಓಡಿ ಬಂತು, ಅದರ ಹಿಂದೆ ಇಡೀ ಮಂದೆ.

ಕರು ಮೊದಲು ಮೂಗು ತಾಗಿಸಿದ್ದು ಅಮ್ಮನಿಗಲ್ಲ, ಗಂಟೆಗೆ.

ಸ್ವಲ್ಪ ದೂರ ನಡೆದ ಮೇಲೆ ಗಂಟೆ ಹೇಳಿತು, "ಅಮ್ಮ, ನಾಳೆ ಕೆಸರಿಲ್ಲದ ಕಡೆ ನೀರು ಕುಡಿಯೋಣ."