ಮೀಸಪ್ಪನ ಮುಳ್ಳು

ಕಾಡಿನ ಕತೆ ಕೇಳಿದ್ದೀರಿ, ಕೆರೆಯ ಕತೆಯನ್ನೂ ಕೇಳಿದ್ದೀರಿ. ಮಕ್ಕಳೇ, ಇದು ಚಿದಂಬರಯ್ಯನವರ ಮನೆಯ ಪಡಸಾಲೆಯಲ್ಲಿದ್ದ ಗಾಜಿನ ತೊಟ್ಟಿಯ ಕತೆ. ಕೆರೆಗಿಂತ ಚಿಕ್ಕದು ನಿಜ, ಆದರೆ ಜಂಬ ಹಿಡಿಸುವಷ್ಟು ದೊಡ್ಡದಿತ್ತು.

ಮೇಲಿನ ನೀರಿನಲ್ಲಿ ಹೊನ್ನಕ್ಕ ಎಂಬ ಚಿನ್ನದ ಮೀನು ಇದ್ದಳು. ಗಾಜಿಗೆ ಅಂಟಿಕೊಂಡು ಬಸವನಹುಳುವಿನ ಅಜ್ಜಿ ಇದ್ದಳು. ತಳದ ಮರಳಿನಲ್ಲಿ ಮೀಸಪ್ಪ ಎಂಬ ಬೆಕ್ಕುಮೀನು ಇದ್ದ. ಅವನಿಗೆ ಉದ್ದ ಮೀಸೆ, ಬೆನ್ನಿನ ಮೇಲೊಂದು ಮುಳ್ಳು, ಎರಡು ಪಕ್ಕೆಗೆ ಎರಡು ಮುಳ್ಳು. ಬಾಯಿ ತೆರೆದರೆ ಆ ಮುಳ್ಳಿನದೇ ಮಾತು.

"ನಮ್ಮ ತಾತ ಒಂದು ಕೊಕ್ಕರೆಯ ಗಂಟಲಲ್ಲಿ ಮುಳ್ಳು ಬಿಚ್ಚಿ ನಿಂತುಬಿಟ್ಟಿದ್ದನಂತೆ! ನಮ್ಮನ್ನು ಮುಟ್ಟಿ ಬದುಕಿದವರಿಲ್ಲ," ಎನ್ನುತ್ತಿದ್ದ.

ಅವನು ಹುಟ್ಟಿದ್ದು ಮೀನಿನ ಅಂಗಡಿಯಲ್ಲಿ. ಕೊಕ್ಕರೆಯನ್ನು ಕಂಡದ್ದು ಆ ಅಂಗಡಿಯ ಕ್ಯಾಲೆಂಡರಿನಲ್ಲಿ.

ಒಂದು ದಿನ ತೊಟ್ಟಿಯ ಗಾಜು ಬಿರುಕು ಬಿಟ್ಟು ನೀರು ಸೋರತೊಡಗಿತು. ಚಿದಂಬರಯ್ಯನವರು ಪಕ್ಕದಲ್ಲೇ ಹೊಸ ತೊಟ್ಟಿ ಇಟ್ಟು, ಕೈಬಲೆ ಹಿಡಿದು ಬಂದರು. ಹೊನ್ನಕ್ಕ ತಕರಾರಿಲ್ಲದೆ ಬಲೆಯೊಳಗೆ ಹೋಗಿ ಹೊಸ ಮನೆ ಸೇರಿದಳು.

"ನೀನೂ ಬೇಗ ಹೊರಡಪ್ಪ, ನೀರು ಇಳಿಯುತ್ತಿದೆ," ಎಂದಳು ಅಜ್ಜಿ.

"ನೀರು ಇಳಿದರೆ ಮೇಲಿರುವವರಿಗೆ ಚಿಂತೆ. ನಾನು ತಳದವನು. ನನ್ನ ತನಕ ಬರುವಾಗ ನೋಡೋಣ."

"ಹೋಗಲಿ, ಮುಳ್ಳನ್ನಾದರೂ ಮಡಚಿಕೋ. ಬಂದಿರುವುದು ಕೊಕ್ಕರೆಯಲ್ಲ, ದಿನಾ ಊಟ ಹಾಕುವವರು."

"ಊಟ ಹಾಕುವವರಿಗೂ ನಮ್ಮ ವಂಶದ ಪರಿಚಯ ಇರಬೇಕಜ್ಜಿ!"

ಅಷ್ಟರಲ್ಲಿ ಚಿದಂಬರಯ್ಯನವರು ಅಜ್ಜಿಯನ್ನು ಬೆರಳಲ್ಲೇ ಬಿಡಿಸಿ ಆಚೆ ದಾಟಿಸಿದರು. ಆಮೇಲೆ ಶುರುವಾಯಿತು ಓಟ. ಬಲೆ ಕಲ್ಲಿನ ಹಿಂದೆ ಬಂದರೆ ಮೀಸಪ್ಪ ಗಿಡದ ಬುಡಕ್ಕೆ, ಗಿಡದ ಬುಡಕ್ಕೆ ಬಂದರೆ ಮತ್ತೆ ಕಲ್ಲಿನ ಹಿಂದಕ್ಕೆ. ಮರಳೆದ್ದು ನೀರೆಲ್ಲ ರಾಡಿಯಾಯಿತು. ಕೊನೆಗೆ ಬಲೆ ಅವನ ಮೇಲೆಯೇ ಬಿತ್ತು. ಮೀಸಪ್ಪ ಮೂರು ಮುಳ್ಳನ್ನೂ ಸೆಟೆದು ನಿಲ್ಲಿಸಿದ. ಮೂರೂ ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡವು.

"ನೋಡಿದಿರಾ! ಬಲೆಯನ್ನೇ ಹಿಡಿದುಬಿಟ್ಟೆ!" ಎಂದು ಕೂಗಿದ.

ಮರುಕ್ಷಣ ಬಲೆ ಮೇಲಕ್ಕೆದ್ದಿತು. ಉಸಿರಾಡಲು ನೀರಿಲ್ಲ. ಹೆದರಿದಷ್ಟೂ ಮುಳ್ಳು ಬಿಗಿಯಾಯಿತು, ಬಿಗಿಯಾದಷ್ಟೂ ಬಲೆ ಸುತ್ತಿಕೊಂಡಿತು. ಪಾಪ, ಚಿದಂಬರಯ್ಯನವರು ಬಿಡಿಸಲೆಂದು ಎಳೆಯಹೋದರು.

"ಅಯ್ಯೋ, ಎಳೀಬೇಡ್ರೀ! ಮುಳ್ಳೇ ಕಿತ್ತು ಬರುತ್ತೆ!" ಎಂದು ಅಡುಗೆಮನೆಯಿಂದ ಅವರ ಹೆಂಡತಿ ಕನಕಲಕ್ಷ್ಮಿ ಓಡಿ ಬಂದರು. ಬಲೆಯನ್ನು ಮತ್ತೆ ನೀರಿಗಿಳಿಸಿ, ಕತ್ತರಿಯಿಂದ ಬಲೆಯ ಹಸಿರು ನೂಲನ್ನು ಒಂದೊಂದಾಗಿ ಕತ್ತರಿಸಿದರು. ಮೀಸಪ್ಪ ಜಾರಿ ತಳಕ್ಕೆ ಬಿದ್ದ. ಈಗ ಅಲ್ಲಿ ಗೇಣುದ್ದವೂ ನೀರಿರಲಿಲ್ಲ.

"ಓಡಿಸಿದರೆ ಅದು ಸಿಗಲ್ಲ, ಸುಮ್ನಿರಿ," ಎಂದ ಕನಕಲಕ್ಷ್ಮಿ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಚೂರು ಸೌತೆಕಾಯಿ ಸಿಕ್ಕಿಸಿ, ಮರಳಿನ ಮೇಲೆ ಅಡ್ಡ ಮಲಗಿಸಿದರು. ದೀಪ ಆರಿಸಿ ಇಬ್ಬರೂ ದೂರ ಸರಿದರು.

'ಹೆದರಿ ಓಡಿದರು,' ಎಂದುಕೊಂಡ ಮೀಸಪ್ಪ. ಆಗಲೇ ಸೌತೆಕಾಯಿಯ ವಾಸನೆ ಬಂತು. ಮೀಸೆ ಅಲ್ಲಾಡಿತು. 'ಓಹೋ, ಕಾಣಿಕೆ ಬೇರೆ ಇಟ್ಟಿದ್ದಾರೆ!' ಎಂದು ಗತ್ತಿನಿಂದ ಡಬ್ಬಿಯೊಳಗೆ ನಡೆದ.

ಡಬ್ಬಿ ಮೆಲ್ಲಗೆ ನೆಟ್ಟಗಾಯಿತು, ನೀರಿನ ಸಮೇತ ಎದ್ದಿತು. ಯಾರನ್ನೂ ಮುಟ್ಟಗೊಡದ ಮೀಸಪ್ಪ ಬಾಯಲ್ಲಿ ಸೌತೆಕಾಯಿ ಕಚ್ಚಿಕೊಂಡೇ ಹೊಸ ತೊಟ್ಟಿಗೆ ಬಂದಿಳಿದ.

"ಹೇಗೆ ಬಂದೆಯಪ್ಪಾ?" ಎಂದಳು ಹೊನ್ನಕ್ಕ.

"ಪಲ್ಲಕ್ಕಿಯಲ್ಲಿ. ಕಳಿಸಿಕೊಟ್ಟಿದ್ದರು."

"ಬೆನ್ನ ಮೇಲೆ ಅದೇನು ಹಸಿರು ನೂಲು?"

"ಅದಾ? ಗೆದ್ದವರಿಗೆ ಹಾಕುವ ಹಾರ."

ಹೊಸ ಮನೆಯಲ್ಲಿ ಮೀಸಪ್ಪನಿಗೆಂದೇ ಒಂದು ತೆಂಗಿನ ಚಿಪ್ಪಿನ ಗುಹೆ ಇಟ್ಟಿದ್ದರು. ನುಗ್ಗಲು ಹೋದ, ಆಗಲಿಲ್ಲ. ನೂಲಿನ ಗಂಟು ಬಿದ್ದ ಬೆನ್ನಿನ ಮುಳ್ಳು ಮಡಚಿಕೊಳ್ಳದೆ ಬಾಗಿಲಿಗೆ ತಗುಲಿತು. ಗಂಟು ತಾನಾಗಿ ಉದುರುವವರೆಗೂ ಅವನು ತನ್ನ ಮನೆಯ ಹೊರಗೇ ನಿಂತಿರಬೇಕಾಯಿತು. ಒಳಗೆ ಅಜ್ಜಿ ಕಾಲು ಚಾಚಿ ಮಲಗಿದ್ದಳು.

"ಒಳಗೆ ಬಾರೋ ಮೀಸಪ್ಪ," ಎಂದಳು.

"ಇಲ್ಲಜ್ಜಿ," ಎಂದ ಅವನು, "ನಾನಿಲ್ಲಿ ಕಾವಲಿದ್ದೇನೆ."

ನೀತಿ: ಉಳಿಸಲು ಬಂದ ಕೈಗೂ ಮುಳ್ಳೆತ್ತುವವನಿಗೆ ಬೇರೆ ಶತ್ರು ಬೇಕಿಲ್ಲ, ಅವನ ಮುಳ್ಳೇ ಸಾಕು.