ಕಹಳೆಯ ಬಾಗಿನಲ್ಲಿ ನಿಂತ ನೀರು

"ಗುರುಗಳೇ, ಕರೆದರೂ ಓಗೊಡದವನನ್ನು ಇನ್ನೆಷ್ಟು ದಿನ ಕರೆಯಬೇಕು?"

ಕೇಳಿದವನು ಕಲ್ಲಯ್ಯ. ಅವನು ಮಠಕ್ಕೆ ಬಂದು ಒಂಬತ್ತು ವರ್ಷಗಳಾಗಿದ್ದವು. ಗುರುಗಳು ಹಿತ್ತಲಿನ ಕಲ್ಲುಹಾಸಿನ ಮೇಲೆ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

ಕಲ್ಲಯ್ಯ ತನ್ನ ಸ್ಥಿತಿಯನ್ನು ಹೇಳಿಕೊಂಡ. ಮೊದಲ ಕೆಲವು ವರ್ಷ ಅವನು ಶಿವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ ಅತ್ತಿದ್ದ. ಆಮೇಲೆ ಮೆಲ್ಲಗೆ ಕರೆಯತೊಡಗಿದ. ಕಳೆದ ವರ್ಷದಿಂದ ಕರೆಯುವುದನ್ನೇ ಬಿಟ್ಟಿದ್ದ. ಈಗ ಬೆಳಿಗ್ಗೆ ಸಂಜೆ ಸುಮ್ಮನೆ ಕೂರುತ್ತಾನೆ. ಸಿಟ್ಟು, ಆಸೆ ಯಾವುದನ್ನೂ ಒಳಗೆ ಬಿಟ್ಟುಕೊಳ್ಳದೆ ಮನಸ್ಸನ್ನು ಗುಡಿಸಿ ಇಟ್ಟುಕೊಳ್ಳುತ್ತಾನೆ. ಬರುವವನು ಬಂದೇ ಬರುತ್ತಾನೆ, ದಿನವೂ ಕರೆದು ದಿನವೂ ನಿರಾಶೆಪಡುವುದೇಕೆ, ಚೊಕ್ಕಟವಾಗಿ ಇಟ್ಟುಕೊಂಡರೆ ಸಾಲದೇ ಎಂದು ಅವನು ಕೇಳಿದ.

ಗುರುಗಳು ಬತ್ತಿಗಳನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಬೆಟ್ಟದ ಮೇಲೆ ಒಂದು ಊರಿತ್ತು. ಊರಿಗೆ ಕೋಟೆ, ಕೆಳಗೆ ಹೊಳೆ. ಅಲ್ಲಿ ಒಬ್ಬ ಕಹಳೆಗಾರನಿದ್ದ. ಬೆಳಿಗ್ಗೆ ಕೋಟೆಯ ಬಾಗಿಲು ತೆರೆಯುವಾಗ ಅವನು ತನ್ನ ಮನೆಯ ಮುಂದಿನ ಬಂಡೆಯ ಮೇಲೆ ನಿಂತು ಕಹಳೆ ಊದುತ್ತಿದ್ದ. ಅದು ಹಿತ್ತಾಳೆಯದು, ನಡುವೆ ಬಾಗಿದ ಕೊಳವೆ. ಅವನ ತಂದೆ ಊದಿದ್ದು. ಆ ಸದ್ದು ಹೊಳೆಯ ಆಚೆ ದಡದವರೆಗೂ ಕೇಳುತ್ತಿತ್ತು.

ಅವನಿಗೆ ಮದುವೆಯಾಗಿ ನಾಲ್ಕು ವರ್ಷವಾಗಿದ್ದಾಗ ಊರಿನ ಪಾಳೆಯಗಾರ ದಂಡು ಕಟ್ಟಿಕೊಂಡು ದೂರದ ಸೀಮೆಗೆ ಹೊರಟ. ಕಹಳೆಗಾರನೂ ಹೋಗಬೇಕಾಯಿತು. ದಂಡಿನಲ್ಲಿ ಊದಲು ಪಾಳೆಯಗಾರನೇ ಬೇರೊಂದು ಕಹಳೆ ಕೊಟ್ಟಿದ್ದ. ತಂದೆಯ ಕಹಳೆಯನ್ನು ಅವನು ಹೆಂಡತಿಯ ಕೈಗೆ ಕೊಟ್ಟ.

ಹೊರಡುವ ದಿನ ಅವನು ಅವಳಿಗೆ ಹೇಳಿದ್ದು ಕಹಳೆಯನ್ನು ತೊಳೆಯುವ ಬಗೆಯನ್ನು ಮಾತ್ರ. ಅಮಾವಾಸ್ಯೆಗೊಮ್ಮೆ ತೊಳೆಯಬೇಕು. ಹುಣಿಸೆಹಣ್ಣು ಕಿವುಚಿದ ನೀರನ್ನು ಕೊಳವೆಯೊಳಗೆ ತುಂಬಿ, ಎರಡು ಕಡೆಯೂ ಮುಚ್ಚಿ, ಒಂದು ಸಲ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಡಬೇಕು. ಹೆಚ್ಚು ಬಿಟ್ಟರೆ ಹುಳಿ ಹಿತ್ತಾಳೆಯನ್ನೇ ತಿನ್ನುತ್ತದೆ. ಆಮೇಲೆ ಮೂರು ಸಲ ಬಾವಿಯ ನೀರು ಹಾಯಿಸಬೇಕು. ದಾರದ ಒಂದು ತುದಿಗೆ ಸೀಸದ ಗುಂಡು, ಇನ್ನೊಂದು ತುದಿಗೆ ಹಳೆಯ ಮೆತ್ತನೆಯ ಬಟ್ಟೆ ಕಟ್ಟಿಕೊಳ್ಳಬೇಕು. ಗುಂಡನ್ನು ಒಳಗೆ ಇಳಿಬಿಟ್ಟರೆ ಅದು ಬಾಗಿನ ಹತ್ತಿರ ನಿಲ್ಲುತ್ತದೆ. ಕಹಳೆಯನ್ನು ಮೆಲ್ಲಗೆ ಹೊರಳಿಸಿದರೆ ಜಾರಿ ಹೊರಗೆ ಬರುತ್ತದೆ. ಆಗ ದಾರ ಹಿಡಿದು ಬಟ್ಟೆಯನ್ನು ಎಳೆಯಬೇಕು. ಕೊನೆಗೆ ತುಟಿ ಬಿಗಿದು, ಸದ್ದು ಬರುವ ಹಾಗೆ ಊದಬೇಕು. ಬಾಗಿನಲ್ಲಿ ಉಳಿದ ನೀರು ಬಟ್ಟೆಗೆ ಸಿಗುವುದಿಲ್ಲ, ಊದಿದರೆ ಮಾತ್ರ ಹೋಗುತ್ತದೆ.

ಇಷ್ಟನ್ನು ಅವನು ಎರಡು ಸಲ ಹೇಳಿದ. ಬೇರೆ ಯಾವುದನ್ನೂ ಹೇಳಲು ಅವನಿಂದ ಆಗದೆ ಕಹಳೆಯ ಮಾತನ್ನೇ ಉದ್ದ ಮಾಡಿದನೆಂದು ಅವಳಿಗೆ ಅವನು ಹೋದ ಮೇಲೆ ಹೊಳೆಯಿತು.

ಅವನ ಜೊತೆ ಆ ಊರಿನಿಂದ ಇಪ್ಪತ್ತು ಮಂದಿ ಹೋಗಿದ್ದರು. ನೆರೆಮನೆಯ ಕುಂಬಾರನೂ ಅವರಲ್ಲಿ ಒಬ್ಬ. ಒಂದು ಮಳೆಗಾಲ ಕಳೆಯಿತು, ಇನ್ನೊಂದು ಕಳೆಯಿತು. ದಂಡು ಸೋತು ಚದುರಿತೆಂದು ಸುದ್ದಿ ಬಂತು. ಯಾರು ಸತ್ತರು, ಯಾರು ಉಳಿದರು ಎಂಬುದು ತಿಳಿಯಲಿಲ್ಲ. ಕೋಟೆಯ ಬಾಗಿಲಲ್ಲಿ ಕಹಳೆಯ ಬದಲು ನಗಾರಿ ಬಾರಿಸತೊಡಗಿದರು. ಅದರ ಸದ್ದು ಹೊಳೆಯವರೆಗೆ ಇಳಿಯುತ್ತಿರಲಿಲ್ಲ.

ಹೆಂಡತಿ ಅಮಾವಾಸ್ಯೆಗೊಮ್ಮೆ ಕಹಳೆಯನ್ನು ತಪ್ಪದೆ ತೊಳೆದಳು. ಆದರೆ ಕೊನೆಯಲ್ಲಿ ಊದುವಾಗ ತುಟಿ ಬಿಗಿಯುತ್ತಿರಲಿಲ್ಲ. ಸದ್ದಾಗದಂತೆ ಬರೀ ಉಸಿರು ಬಿಡುತ್ತಿದ್ದಳು. ಆ ಸದ್ದು ಗಂಡನದು, ತನ್ನದಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ನಾಲ್ಕಾರು ಹನಿ ಹೊರಗೆ ಬೀಳುತ್ತಿದ್ದವು. ಅಷ್ಟು ಸಾಕೆಂದು ಒರೆಸಿ ಇಡುತ್ತಿದ್ದಳು.

ಮೂರನೆಯ ವರ್ಷ ಒಂದು ಅಮಾವಾಸ್ಯೆಯ ದಿನ ಎಷ್ಟು ಉಸಿರು ಬಿಟ್ಟರೂ ನೀರು ಒಳಗೇ ಗುಳುಗುಳು ಎನ್ನುತ್ತಿತ್ತು. ಅವಳು ತುಟಿ ಬಿಗಿದು ಒಮ್ಮೆ ಜೋರಾಗಿ ಊದಿದಳು. ಕಹಳೆ ಕೂಗಿತು.

ಬೀದಿಯ ಬಾಗಿಲುಗಳೆಲ್ಲ ತೆರೆದವು. ಹೆಂಗಸರು ಓಡಿ ಬಂದರು. ಕುಂಬಾರನ ಹೆಂಡತಿ ಮಣ್ಣಿನ ಕೈಯಲ್ಲೇ ಬಂದಳು. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಅತ್ತೆ, ಕಹಳೆಗಾರನ ತಾಯಿ, ಮೊರ ಬಿಟ್ಟು ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದಿದ್ದಳು. ಮಗ ಬಂದನೇ ಎಂದು ಕೇಳಿದಳು. ಸೊಸೆ ತಲೆ ತಗ್ಗಿಸಿ, ಇಲ್ಲ, ತೊಳೆಯುತ್ತಿದ್ದೆ, ತಪ್ಪಿ ಸದ್ದಾಯಿತು ಎಂದಳು. ಅತ್ತೆ ಹಿಂದಿರುಗಿ, ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆರಿಸುತ್ತ ಕುಳಿತಳು. ಬಂದವರು ಒಬ್ಬೊಬ್ಬರಾಗಿ ಹೋದರು. ಕುಂಬಾರನ ಹೆಂಡತಿ ಮಾತ್ರ ನಿಂತಿದ್ದಳು.

"ಅಕ್ಕ, ಇನ್ನೊಂದು ಸಲ ಊದಬೇಡ. ನನ್ನ ಎದೆ ತಡೆಯುವುದಿಲ್ಲ" ಎಂದಳು.

ಅಂದಿನಿಂದ ಕಹಳೆಗಾರನ ಹೆಂಡತಿ ಊದುವುದನ್ನು ಬಿಟ್ಟಳು. ಕೊಳವೆಗೆ ಬರೀ ಉಸಿರನ್ನೂ ಬಿಡಲಿಲ್ಲ. ತೊಳೆದು, ಬಟ್ಟೆ ಎಳೆದು, ಬಿಸಿಲಿಗೆ ಒಣಗಿಸಿ ಇಡುತ್ತಿದ್ದಳು. ಹೊರಮೈಯನ್ನು ಬೂದಿಯಲ್ಲಿ ತಿಕ್ಕಿ ಥಳಥಳ ಹೊಳೆಯುವಂತೆ ಮಾಡುತ್ತಿದ್ದಳು. ಮನೆಗೆ ಬಂದವರು ಗೋಡೆಯ ಮೇಲಿನ ಕಹಳೆಯನ್ನು ನೋಡಿ, ಗಂಡನ ವಸ್ತುವನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದಾಳೆ ಎನ್ನುತ್ತಿದ್ದರು. ಹೀಗೆ ಐದು ವರ್ಷ ಕಳೆಯಿತು.

ಎಂಟನೆಯ ವರ್ಷ ಬಾಗಿನ ಹತ್ತಿರ ಸಾಸಿವೆಯಷ್ಟು ಕಪ್ಪು ಚುಕ್ಕೆ ಕಾಣಿಸಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆ ದಿನಗಳಲ್ಲಿ ಊರಿಗೆ ಒಬ್ಬ ಕಂಚುಗಾರ ಬಂದಿದ್ದ. ಅವಳು ಕಹಳೆಯನ್ನು ಅವನ ಹತ್ತಿರ ಒಯ್ದಳು.

ಅವನು ಚುಕ್ಕೆಯನ್ನು ಸೂಜಿಯಿಂದ ಮುಟ್ಟಿದ. ಸೂಜಿ ಒಳಗೆ ಹೋಯಿತು. ಕಹಳೆಯನ್ನು ಹೊರಳಿಸಿ ಬಗ್ಗಿಸಿದಾಗ ಒಂದು ಗುಟುಕು ಹಸಿರು ನೀರು ಹೊರಗೆ ಬಂತು. ಬಾಗಿನೊಳಗೆ ಕಿಲುಬು ದಪ್ಪಗೆ ಕಟ್ಟಿತ್ತು. ಇಷ್ಟು ಶ್ರದ್ಧೆಯಿಂದ ತೊಳೆದ ಕಹಳೆ ಹೀಗೇಕೆ ಆಯಿತೆಂದು ಅವನು ಅಚ್ಚರಿಪಟ್ಟ. ಅವಳು ತೊಳೆಯುವ ಬಗೆಯನ್ನು ಮೊದಲಿನಿಂದ ಹೇಳಿದಳು. ಕೊನೆಯದನ್ನು ಬಿಟ್ಟಿದ್ದೇನೆ ಎಂದೂ ಹೇಳಿದಳು.

"ತಾಯಿ, ತೊಳೆದ ನೀರೇ ಇದನ್ನು ತಿಂದಿದೆ" ಎಂದ ಕಂಚುಗಾರ.

ಅವನು ಕಿಲುಬು ಕೆರೆದು, ತೂತಿಗೆ ತಗಡಿನ ಚೂರು ಬೆಸೆದು ಕೊಟ್ಟ. ಇನ್ನು ಎರಡು ವರ್ಷ ಹೀಗೇ ಬಿಟ್ಟಿದ್ದರೆ ಬೆಸುಗೆಯೂ ನಿಲ್ಲುತ್ತಿರಲಿಲ್ಲ, ಪ್ರತಿ ಸಲವೂ ತೊಳೆದ ಮೇಲೆ ಊದಲೇಬೇಕು ಎಂದು ಎಚ್ಚರಿಸಿದ.

ಅವಳು ಮನೆಗೆ ಬಂದು ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬಾಯಿಗೆ ಇಡಲು ಆಗಲಿಲ್ಲ. ಅತ್ತೆಗೆ ಆ ಹೊತ್ತಿಗೆ ಕಣ್ಣು ಮಂಜಾಗಿತ್ತು. ಅವಳು ತಡವರಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತು, ಬೆಸೆದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕಂಚುಗಾರ ಏನೆಂದ ಎಂದು ಕೇಳಿದಳು. ಸೊಸೆ ಹೇಳಿದಳು.

"ಅವತ್ತು ಊದಿದವಳು ನೀನೇ ಎಂದು ನನಗೆ ಗೊತ್ತಿತ್ತು" ಎಂದಳು ಅತ್ತೆ. "ನನ್ನ ಮಗ ಊದುವುದು ನನಗೆ ತಿಳಿಯದೇ? ಅವನು ಸಣ್ಣಗೆ ಎತ್ತಿಕೊಂಡು ಆಮೇಲೆ ಏರಿಸುತ್ತಿದ್ದ. ನೀನು ಒಮ್ಮೆಲೇ ಊದಿದೆ."

"ಗೊತ್ತಿದ್ದೂ ಏಕೆ ಓಡಿ ಬಂದಿರಿ, ಅತ್ತೆ?"

"ಅಂಗಳದಿಂದ ಬಾಗಿಲಿಗೆ ಬರುವಷ್ಟು ಹೊತ್ತು ಅವನು ಬಂದಿದ್ದ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಅಷ್ಟೇ. ಅದನ್ನೂ ನೀನು ನಿಲ್ಲಿಸಿಬಿಟ್ಟೆ."

ಸೊಸೆ ಎದ್ದು ಹೊರಗೆ ಹೋಗಿ ಬಂಡೆಯ ಮೇಲೆ ನಿಂತಳು. ತುಟಿ ಬಿಗಿದು ಊದಿದಳು. ಮೊದಲು ಒಡಕು ಸದ್ದು ಬಂತು. ಇನ್ನೊಮ್ಮೆ ಊದಿದಳು. ಉಳಿದಿದ್ದ ನೀರು ಸಿಡಿದು ಹೊರಬಿತ್ತು. ಮೂರನೆಯ ಸಲ ಕಹಳೆ ನೇರವಾಗಿ ಕೂಗಿತು. ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಅವಳು ಕಹಳೆ ತೊಳೆದು ಊದಿದಳು. ಯಾರೂ ಬಂದಿಲ್ಲವೆಂದು ಈಗ ಊರಿಗೆಲ್ಲ ಗೊತ್ತಿತ್ತು. ಆದರೂ ದಂಡಿಗೆ ಹೋದವರ ಮನೆಯ ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದು ಒಂದು ಗಳಿಗೆ ನಿಲ್ಲುತ್ತಿದ್ದರು. ಕುಂಬಾರನ ಹೆಂಡತಿ ಮಾತ್ರ ಬರುತ್ತಿರಲಿಲ್ಲ. ಅವಳು ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾವಿಯಲ್ಲಿ ಎದುರಾದರೂ ಕಹಳೆಗಾರನ ಹೆಂಡತಿಯನ್ನು ಮಾತನಾಡಿಸುತ್ತಿರಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಆ ಮೌನ ಕಹಳೆಗಾರನ ಹೆಂಡತಿಗೆ ಬಹಳ ನೋಯುತ್ತಿತ್ತು. ಆದರೂ ಅವಳು ಊದುವುದನ್ನು ಬಿಡಲಿಲ್ಲ.

ಹತ್ತನೆಯ ವರ್ಷ ಅತ್ತೆ ತೀರಿಕೊಂಡಳು.

ಹನ್ನೊಂದನೆಯ ವರ್ಷ ಒಂದು ಅಮಾವಾಸ್ಯೆಯಂದು ಅವಳು ಊದಿ ಒಳಗೆ ಬಂದು, ಒದ್ದೆ ಬಟ್ಟೆಯನ್ನು ಹರವುತ್ತಿದ್ದಳು. ಹೊತ್ತು ಏರುವಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ತಿರುಗಿ ನೋಡಿದಳು. ಗಡ್ಡ ಬೆಳೆದ, ಒಂದು ಕಾಲು ಎಳೆಯುವ ಮನುಷ್ಯ ಕೋಲು ಊರಿಕೊಂಡು ನಿಂತಿದ್ದ. ಬೆಟ್ಟ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಅವಳ ಕೈಯಿಂದ ಬಟ್ಟೆ ಜಾರಿತು. ಅವನು ಯಾರೆಂದು ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ನೆರೆಮನೆಯ ಕುಂಬಾರ.

"ಅತ್ತಿಗೆ, ಅಣ್ಣ ಎಲ್ಲಿ?" ಎಂದು ಅವನು ಕೇಳಿದ.

ಅವಳು ಅದೇ ಮಾತನ್ನು ಅವನಿಗೆ ಕೇಳಬೇಕೆಂದು ಬಾಯಿ ತೆರೆದಿದ್ದಳು.

ಕುಂಬಾರ ಜಗಲಿಯ ಮೇಲೆ ಕುಳಿತು ಹೇಳಿದ. ದಂಡು ಚದುರಿದ ದಿನ ಒಂದು ನದಿಯ ಹತ್ತಿರ ಅವನೂ ಕಹಳೆಗಾರನೂ ಬೇರೆಯಾಗಿದ್ದರು. ಮುಂದೆ ಅವನು ಸೆರೆಯಲ್ಲಿದ್ದ, ಆಮೇಲೆ ಊರೂರು ಅಲೆದ. ಶತ್ರುಗಳು ಬೆಟ್ಟದ ಊರನ್ನು ಸುಟ್ಟುಹಾಕಿದರು, ಅಲ್ಲಿ ಯಾರೂ ಉಳಿದಿಲ್ಲ ಎಂದು ದಾರಿಯಲ್ಲಿ ಎಲ್ಲರೂ ಹೇಳಿದ್ದರು. ನಂಬದೆ ಹೊಳೆಯವರೆಗೆ ಬಂದ. ಅಲ್ಲಿಂದ ಮೇಲೆ ನೋಡಿದರೆ ಮಂಜು ಕವಿದಿತ್ತು. ಊರು ಕಾಣಲಿಲ್ಲ. ಸುಟ್ಟ ಮನೆಯನ್ನು ಹೇಗೆ ನೋಡುವುದೆಂದು ಧೈರ್ಯವಾಗದೆ ಎರಡು ದಿನ ಹೊಳೆಯ ಆಚೆ ದಡದಲ್ಲೇ ಕುಳಿತ. ಇವತ್ತು ಬೆಳಿಗ್ಗೆ ಹಿಂದಿರುಗಿ ಹೋಗಲೆಂದು ಗಂಟು ಕಟ್ಟಿದ್ದ. ಆಗ ಕಹಳೆ ಕೇಳಿಸಿತು.

"ಅಣ್ಣ ಬಂದಿದ್ದಾನೆ, ಊರು ಉಳಿದಿದೆ ಎಂದುಕೊಂಡೆ. ಮೊದಲು ಅವನನ್ನು ನೋಡೋಣವೆಂದು ಇಲ್ಲಿಗೇ ಬಂದೆ" ಎಂದ.

ಅವಳು ಅವನಿಗೆ ಕುಡಿಯಲು ನೀರು ಕೊಟ್ಟಳು. ಊದಿದವಳು ತಾನು ಎಂದಳು. ಅವನು ಕುಡಿದು ಚೊಂಬನ್ನು ಕೆಳಗಿಡಲು ಮರೆತು ಕುಳಿತ. ಅವನಿಗೆ ಎದ್ದು ಹೋಗಲು ಸಂಕೋಚವಾಗುತ್ತಿದೆ ಎಂದು ಅವಳಿಗೆ ತಿಳಿಯಿತು. ಚೊಂಬನ್ನು ಅವನ ಕೈಯಿಂದ ತೆಗೆದುಕೊಂಡು, ನಿನ್ನ ಮನೆಯ ಬಾಗಿಲು ಹಾಕಿದೆ, ತಟ್ಟಿ ಹೆಸರು ಹೇಳು ಎಂದಳು.

ಅವನು ಹೋದ. ಗೋಡೆಯ ಆಚೆ ಬಾಗಿಲು ತಟ್ಟಿದ್ದು ಅವಳಿಗೆ ಕೇಳಿಸಿತು. ಚಿಲಕ ತೆಗೆದದ್ದು ಕೇಳಿಸಿತು. ಆಮೇಲೆ ಕುಂಬಾರನ ಹೆಂಡತಿ ಅಳುವುದು ಕೇಳಿಸಿತು. ಕಹಳೆಗಾರನ ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ಕುಳಿತು ತಾನೂ ಅತ್ತಳು. ಅದು ನೆರೆಯವಳ ಸಂತೋಷಕ್ಕೋ ತನ್ನ ದುಃಖಕ್ಕೋ ಎಂದು ಅವಳಿಗೇ ಬಿಡಿಸಿ ಹೇಳಲು ಆಗುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅವಳು ಕಹಳೆಯನ್ನು ಗೋಡೆಯಿಂದ ಇಳಿಸುವಾಗ ಬಾಗಿಲಲ್ಲಿ ಕುಂಬಾರನ ಹೆಂಡತಿ ನಿಂತಿದ್ದಳು. ಸೊಂಟದ ಮೇಲೆ ಹೊಸ ಕೊಡ, ಕೊಡದ ತುಂಬ ನೀರು. ಒಬ್ಬಳು ಕೊಳವೆಯನ್ನು ಹಿಡಿದಳು, ಇನ್ನೊಬ್ಬಳು ನೀರು ಹುಯ್ದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಬತ್ತಿಯೊಂದನ್ನು ಎತ್ತಿಕೊಂಡು ಮತ್ತೆ ಹೊಸೆಯತೊಡಗಿದರು. ಕಲ್ಲಯ್ಯ ಇನ್ನೂ ಏನೋ ಉಳಿದಿದೆ ಎಂಬಂತೆ ಕಾದ. ಕಹಳೆಗಾರ ಕೊನೆಗಾದರೂ ಬಂದನೇ ಎಂದು ಕೇಳಿದ. ತಾನು ಕೇಳಿದ ಮಟ್ಟಿಗೆ ಬರಲಿಲ್ಲ ಎಂದರು ಗುರುಗಳು.

"ಹಾಗಾದರೆ ಅವಳು ಅಷ್ಟು ವರ್ಷ ಊದಿದ್ದು ವ್ಯರ್ಥವಾಯಿತಲ್ಲ, ಗುರುಗಳೇ?"

"ಅದನ್ನು ನೆರೆಮನೆಯವಳನ್ನು ಕೇಳು."